ಎಡಕ್ಕೆ ಸರಿದ ಹಾಡುಗಾರ್ತಿ

ಗೋಡೆಗೂ ಕಿವಿ ಇರುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಮೂರನೆಯ ಮಹಡಿಯ ಆ ಮನೆಯ ಬಗ್ಗೆ ಮಾತ್ರ ನೆರೆಹೊರೆಯವರು, "ಅಲ್ಲಿ ಗೋಡೆಗಳ ಕಿವೀನೂ ಅವನೇ ಕಿತ್ತು ಹಾಕ್ಕೊಂಡಿದಾನೆ" ಅನ್ನುತ್ತಿದ್ದರು. ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಕಿವಿರಾಯ ಅಂದರೆ ಸಾಕು. ಎದುರುಮನೆಯ ಅಜ್ಜಿಯದು ಒಂದು ಹೆಜ್ಜೆ ಮುಂದೆ: "ನನ್ನ ಮಿಕ್ಸಿ ಮುಂದಿನ ವಾರ ಕೆಡುತ್ತೆ ಅಂತ ಈ ವಾರಾನೇ ಹೇಳ್ತಾನೆ ಕಣ್ರೀ. ಕೆಡುತ್ತೆ ಕೂಡ. ಒಂದು ಒಳ್ಳೇ ಮಾತು ಬರಲ್ಲ ಆ ಬಾಯಲ್ಲಿ!"

ಕಸುಬು ಲಿಫ್ಟ್ ರಿಪೇರಿ. ಕಣ್ಣು ಮುಚ್ಚಿ ಮೋಟಾರಿನ ಸದ್ದು ಕೇಳಿ, ಯಾವ ಬೇರಿಂಗು ಸವೆದಿದೆಯೆಂದು ಹೇಳುತ್ತಿದ್ದ. ಹವ್ಯಾಸವೂ ಕಿವಿಯದೇ: ದುಬಾರಿ ಹೆಡ್‌ಫೋನು, ಆಂಪ್ಲಿಫೈಯರು. ಮಂಚದ ಕೆಳಗೆ, ಬೀರುವಿನ ಮೇಲೆ, ಎಲ್ಲಿ ನೋಡಿದರೂ ಅವೇ. "ನನಗೆ ಸವತಿ ಒಬ್ಬಳಲ್ಲ, ಹನ್ನೊಂದು ಜನ. ಎಲ್ಲರಿಗೂ ಬಾಲ ಬೇರೆ" ಎಂದು ಹೆಂಡತಿ ವೈರುಗಳನ್ನು ತೋರಿಸಿ ನಗುತ್ತಿದ್ದಳು.

ಈ ಹುಚ್ಚಿಗೆ ಜೊತೆಗಾರ ಕನ್ನಡಕದಂಗಡಿಯವನು. ಭಾನುವಾರ ಊಟ ಮುಗಿಸಿ ಇಬ್ಬರೂ ಕೂತರೆಂದರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಎರಡು ಆಂಪ್ಲಿಫೈಯರುಗಳಿಗೆ ಟವೆಲ್ಲು ಹೊದಿಸಿ, ಯಾವುದು ಯಾವುದೆಂದು ತೋರಿಸದೆ ವೈರು ಬದಲಿಸುತ್ತ, ಕಣ್ಣು ಪರೀಕ್ಷೆಯ ದನಿಯಲ್ಲೇ ಕನ್ನಡಕದವನು ಕೇಳುವನು: "ಇದು ಚೆನ್ನಾಗಿದೆಯಾ... ಇದಾ?" ಹಾಡು ಹತ್ತು ವರ್ಷದಿಂದ ಒಂದೇ. ಹೆಡ್‌ಫೋನಿನಲ್ಲಿ ಎಡಗಡೆ ತಂತಿವಾದ್ಯ, ಬಲಗಡೆ ಕೊಳಲು, ನಡುವೆ, ಮೂಗಿನ ನೇರಕ್ಕೆ, ಹಾಡುವ ಹೆಂಗಸು.

ಆ ಹೆಂಗಸು ಮೂರು ತಿಂಗಳಿಂದ ಎಡಕ್ಕೆ ಸರಿಯತೊಡಗಿದ್ದಳು.

ಮೊದಲು ಬೆರಳಿನಷ್ಟು. ಆಮೇಲೆ ಗೇಣಿನಷ್ಟು. ಕಿವಿರಾಯ ಯಾರಿಗೂ ಹೇಳಲಿಲ್ಲ. ವೈರು ಬದಲಿಸಿದ. ಪಿನ್ನು ಉಜ್ಜಿದ. ಹೊಸ ಹೆಡ್‌ಫೋನೇ ತಂದ. ಅದರಲ್ಲೂ ಅವಳು ಎಡಕ್ಕೇ ನಿಂತಿದ್ದಳು. ಮಾಡದೆ ಉಳಿಸಿದ್ದು ಒಂದೇ ಕೆಲಸ: ಹೆಡ್‌ಫೋನನ್ನು ಅತ್ತದ್ದು ಇತ್ತ ತಿರುಗಿಸಿ ಹಾಕಿಕೊಳ್ಳುವುದು. ದೋಷ ಮಿಷಿನ್ನಿನಲ್ಲಿದ್ದರೆ ಅವಳು ಬಲಕ್ಕೆ ಹಾರಬೇಕು. ಹಾರದಿದ್ದರೆ? ಕೆಲಸದಲ್ಲಿ ದಿನಕ್ಕೆ ಹತ್ತು ಸಲ "ಅದಲುಬದಲು ಮಾಡಿ ನೋಡ್ರೋ, ಗೊತ್ತಾಗುತ್ತೆ" ಎನ್ನುವವನಿಗೆ ಇಲ್ಲಿ ಮಾತ್ರ ಕೈ ಮುಂದೆ ಬರಲಿಲ್ಲ. ಗೊತ್ತಾಗುವುದೇ ಅವನಿಗೆ ಬೇಡವಾಗಿತ್ತು.

ಅಷ್ಟರಲ್ಲಿ ಒಂದು ದಿನ ಲಿಫ್ಟಿನ ಬಾವಿಯೊಳಗೆ ಜೊತೆಯವನು ಬಲಗಡೆಯಿಂದ ಕೂಗಿದ. ಇವನು ಎಡಕ್ಕೆ ತಿರುಗಿದ. ಲಿಫ್ಟು ಏರಿದಾಗ ಎದುರುತೂಕವಾಗಿ ಇಳಿಯುವ ಆಳೆತ್ತರದ ಕಬ್ಬಿಣ ಬಲಭುಜಕ್ಕೆ ನಾಲ್ಕು ಬೆರಳು ಬಿಟ್ಟು ಸರ್ರನೆ ಇಳಿದುಹೋಯಿತು. "ಎಲ್ಲಿತ್ತಣ್ಣಾ ನಿಮ್ಮ ಗ್ಯಾನ?" ಎಂದು ಅವನು ಬೈದ.

ಆ ವಾರದ ಭಾನುವಾರ ಬಾಯಿ ತಪ್ಪಿತು. "ಇದೂ ಎಡಕ್ಕೇ ಎಳೀತಿದೆ ಕಣೋ."

"ಇದೂ ಅಂದ್ರೆ? ಎಲ್ಲವೂ ಎಳೀತಿದ್ಯಾ?" ಕನ್ನಡಕದವನು ಟವೆಲ್ಲು ಕೆಳಗಿಟ್ಟ. "ತಿರುಗಿಸಿ ಹಾಕ್ಕೋ ನೋಡೋಣ."

"ಅದೆಲ್ಲ ಯಾಕೆ..."

"ಹಾಕ್ಕೊಳೋ. ನಿನ್ನ ತಲೆಯೇನು ಸವೆಯಲ್ಲ."

ಕಿವಿರಾಯ ತಿರುಗಿಸಿ ಹಾಕಿಕೊಂಡ. ಹಾಡುವವಳು ಅಲ್ಲೇ ಇದ್ದಳು, ಎಡಗಡೆ.

"ಬಲಕ್ಕೆ ಬಂದ್ಲು," ಅಂದ. "ನಾನು ಹೇಳಲಿಲ್ವಾ, ಮಿಷಿನ್ನಿಂದೇ ತೊಂದರೆ."

ಗೆಳೆಯ, "ಸರಿ, ಮೊದಲಿನ ಥರ ಹಾಕ್ಕೋ. ಇನ್ನೊಂದು ಸಲ" ಎಂದು ಟವೆಲ್ಲಿನಡಿ ಕೈ ಹಾಕಿ ಏನೋ ತಿರುಗಿಸಿದ. ಕಿವಿರಾಯ ಕಣ್ಣು ಮುಚ್ಚಿ ಕಾದ. ಕಾದೇ ಕಾದ.

"ಹಾಕೋ ಮಾರಾಯ, ಎಷ್ಟೊತ್ತು?"

ಕಣ್ಣು ಬಿಟ್ಟರೆ ಕನ್ನಡಕದವನು ಮುಖ ನೋಡುತ್ತ ಕೂತಿದ್ದಾನೆ. ಹೆಡ್‌ಫೋನು ತೆಗೆದ. ಅಂಗೈಯಲ್ಲಿ ಹಿಡಿದ ಬಲಗಡೆಯ ಬಟ್ಟಲಿನಿಂದ ಸಣ್ಣಗೆ, ಸ್ಪಷ್ಟವಾಗಿ, ಹಾಡು ಹರಿಯುತ್ತಿತ್ತು.

"ಬಲಗಡೆ ಒಂದಕ್ಕೇ ಬಿಟ್ಟಿದ್ದೆ. ಹಾಡು ಮುಗೀತಾ ಬಂತು ಕಣೋ," ಅಂದ ಗೆಳೆಯ. "ಅಕ್ಷರದ ಬೋರ್ಡು ಬಾಯಿಪಾಠ ಮಾಡ್ಕೊಂಡು ಬರ್ತಾರೆ ನನ್ನ ಅಂಗಡಿಗೆ, ಕಣ್ಣು ಕಾಣದವರು. ಅವರನ್ನ ಹಿಡಿಯೋದೂ ಹೀಗೇ." ಬೈಯಬೇಕೆಂದು ಹೊರಟವನು ಹೆಡ್‌ಫೋನು ಇಸಕೊಂಡು ವೈರು ಸುತ್ತತೊಡಗಿದ. "ನಾಳೆ ನಾನೂ ಬರ್ತೀನಿ. ಡಾಕ್ಟರ ಹತ್ರ ಹೋಗೋಣ."

ಸ್ಕ್ಯಾನಿನಲ್ಲಿ ಕಂಡದ್ದು: ಬಲಗಿವಿಯ ನರಕ್ಕೆ ಗೋಲಿಯಷ್ಟು ಗಡ್ಡೆ. ತೆಗೆಯದಿದ್ದರೆ ಮಿದುಳನ್ನು ಒತ್ತುತ್ತದೆ. ತೆಗೆದರೆ ಆ ಕಿವಿಯಲ್ಲಿ ಉಳಿದ ಚೂರೂ ಹೋಗುತ್ತದೆ. "ಜೀವಕ್ಕೆ ಭಯ ಬೇಡ," ಅಂದರು ಡಾಕ್ಟರು. ಅವನ ಭಯ ಜೀವದ್ದಾಗಿರಲಿಲ್ಲ. "ಹಾಗಾದ್ರೆ ಸಾರ್... ಅವಳು ನಡುವೆ ಬರಲ್ವಾ?" ಅಂದ. "ಯಾರು?" ಅಂದರು ಡಾಕ್ಟರು. ಪಕ್ಕದಲ್ಲಿದ್ದ ಹೆಂಡತಿ, "ನನ್ನ ಸವತಿ," ಅಂದಳು. ಆದರೆ ನಗಲಿಲ್ಲ.

ಆಸ್ಪತ್ರೆಗೆ ಹೊರಡುವ ಬೆಳಗ್ಗೆ ಕನ್ನಡಕದವನು ಕಾರು ತಂದಿದ್ದ. ಚೀಲ ಬಾಗಿಲಲ್ಲಿತ್ತು. ಕಿವಿರಾಯನನ್ನು ಕುರ್ಚಿಯಲ್ಲಿ ಕೂರಿಸಿ, ಎಡದ ಸದ್ದು ಇಳಿಸುತ್ತ, ಬಲದ್ದನ್ನು ಏರಿಸುತ್ತ ಹೋದ, ಹೆಡ್‌ಫೋನು ಗಡಗಡ ನಡುಗುವವರೆಗೆ.

"ನಡುವೆ ಬಂದ್ಲಾ?"

"ಇನ್ನೂ ಸ್ವಲ್ಪ."

"ಈಗ?"

ಒಡಕು ಮಡಕೆಯೊಳಗಿಂದ ಹಾಡಿದ ಹಾಗಿತ್ತು ದನಿ. ಆದರೂ ಮೆಲ್ಲಗೆ, ಕುರುಡರು ಗೋಡೆ ಹಿಡಿದು ಬರುವಂತೆ, ಹಾಡುವವಳು ಎಡದಿಂದ ಸರಿದು ಬಂದು ಮೂಗಿನ ನೇರಕ್ಕೆ ನಿಂತಳು. ಕಿವಿರಾಯ ಕೈಯೆತ್ತಿದ: ಸಾಕು. ಹಾಡು ಮುಗಿದ ಮೇಲೂ ಅವನು ಹೆಡ್‌ಫೋನು ತೆಗೆಯಲಿಲ್ಲ, ಗೆಳೆಯನೇ ತೆಗೆದ.

ಹೆಂಡತಿ ಬಾಗಿಲಿಗೆ ಬೀಗ ಹಾಕಿ, ಈಚಿನ ರೂಢಿಯಂತೆ ಅವನ ಎಡಕ್ಕೆ ಬಂದಳು. "ಇವತ್ತೊಂದಿನ ಈ ಕಡೆ ಬಾ," ಎಂದು ಅವನು ಅವಳನ್ನು ಬಲಕ್ಕೆ ಎಳೆದುಕೊಂಡು, ಎಡಗಿವಿಗೆ ಬೆರಳು ತುರುಕಿದ. "ಜೋರಾಗಿ ಮಾತಾಡು."

"ಏನಂತ ಮಾತಾಡ್ಲಿ?"

"ಏನಾದ್ರೂ."

ಅವಳು ಅವನ ಬಲಗಿವಿಗೆ ಬಾಯಿ ಹಚ್ಚಿ, "ಗ್ಯಾಸ್ ಆಫ್ ಮಾಡಿದೀನಿ ರೀ!" ಎಂದು ಕಿರುಚಿದಳು. ಎದುರುಮನೆಯ ಅಜ್ಜಿ ಹೆದರಿ ಬಾಗಿಲು ತೆರೆದಳು. "ನಲ್ಲೀನೂ ನಿಲ್ಲಿಸಿದೀನಿ! ಕಿಟಕಿ ಹಾಕಿದೀನಿ!" ಒಂದೊಂದು ಮೆಟ್ಟಿಲಿಗೂ ಒಂದೊಂದು ಕೂಗು. ಕಣ್ಣೀರು ಒರೆಸಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ. ಎರಡು ಕಿವಿ ಹೊತ್ತು ಆ ಮನೆಯಿಂದ ಅವನು ಹೊರಟದ್ದು ಅದೇ ಕೊನೆ.