ಕಾರ್ಟೂನ್ ಮಾಮನ ಅರ್ಧ ಕಟಿಂಗ್

ಕ್ಷೌರದ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಹಲಗೆ ಇಟ್ಟು, ಅದರ ಮೇಲೆ ಮಗುವನ್ನು ಕೂರಿಸಿ ಕೊರಳಿಗೆ ಬಟ್ಟೆ ಕಟ್ಟುವಷ್ಟರಲ್ಲಿ ಅಂಗಡಿ ರಣರಂಗವಾಗುತ್ತಿತ್ತು. ಒಂದು ಒದೆಯುತ್ತಿತ್ತು, ಇನ್ನೊಂದು ಕಚ್ಚುತ್ತಿತ್ತು. ಮೂವತ್ತು ವರ್ಷ ಕತ್ತರಿ ಹಿಡಿದವನಿಗೂ ಮಕ್ಕಳ ಕಟಿಂಗ್ ಕಬ್ಬಿಣದ ಕಡಲೆಯೇ. ಕನ್ನಡಿಯ ಮೇಲೆ ಟೀವಿ ಹಾಕಿಸಿದ ಮೇಲೆ ಎಲ್ಲ ಸಲೀಸಾಯಿತು. ಅದರಲ್ಲಿ ಬರುವ ಜಪಾನಿನ ಕಾರ್ಟೂನಿನಲ್ಲಿ ಗುಂಡುಮುಖದ ಕರಡಿಮರಿಯೊಂದು ದಿನಾ ಶಾಲೆಗೆ ತಡವಾಗಿ ಹೋಗಿ, ದಿನಾ ಹೊಸ ಸುಳ್ಳು ಹೇಳಿ ಸಿಕ್ಕಿಬೀಳುತ್ತಿತ್ತು. ಮಕ್ಕಳು ಬಾಯಿ ತೆರೆದುಕೊಂಡು ನೋಡುತ್ತಿದ್ದವು. ಅಂದಿನಿಂದ ಅವನು ಬೀದಿಗೆಲ್ಲ ಕಾರ್ಟೂನ್ ಮಾಮ.

“ಜಪಾನಿನೋರು ನಗಿಸೋಕೇ ಹುಟ್ಟಿದ ಜನ ಕಣ್ರೀ,” ಎಂದು ಮಾಮ ಗಿರಾಕಿಗಳಿಗೆ ಹೇಳುತ್ತಿದ್ದ. ಕಾಲೇಜಿಗೆ ಹೋಗುವ ಮಗಳು ಬಾಗಿಲು ಹಾಕಿಕೊಂಡು ಜಪಾನಿನ ಚಿತ್ರ ನೋಡುತ್ತಿದ್ದರೆ, “ಕತ್ತೆ ವಯಸ್ಸಾಯ್ತು, ಇನ್ನೂ ಕರಡಿಮರಿ ಬಿಟ್ಟಿಲ್ವಲ್ಲೇ,” ಎಂದು ರೇಗಿಸುತ್ತಿದ್ದ.

“ಅಪ್ಪಾ, ಅಲ್ಲಿ ದೊಡ್ಡೋರಿಗೂ ಮಾಡ್ತಾರೆ,” ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಬೊಂಬೆಯಾಟದಲ್ಲಿ ದೊಡ್ಡೋರೇನು ಚಿಕ್ಕೋರೇನು ಎಂದು ಮಾಮ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕೇಬಲ್ ಕೈಕೊಟ್ಟಿತು. ಅದೇ ಹೊತ್ತಿಗೆ ಹಿಂದಿನ ಬೀದಿಯ ಎಲೆಕ್ಟ್ರಿಷಿಯನ್ ತನ್ನ ಏಳು ವರ್ಷದ ಮಗಳನ್ನು ಕರೆತಂದ. ಮೊದಲೆಲ್ಲ ಅವಳ ಅಮ್ಮನೇ ಕರೆದುಕೊಂಡು ಬಂದು, ಮಗಳ ಮುಂಗೂದಲನ್ನಷ್ಟೇ ಕತ್ತರಿಸಿಸಿಕೊಂಡು ಹೋಗುತ್ತಿದ್ದಳು. ಆಕೆ ಆಸ್ಪತ್ರೆ ಸೇರಿದವಳು ತಿರುಗಿ ಬಾರದೆ ನಾಲ್ಕು ತಿಂಗಳಾಗಿತ್ತು.

“ಪೂರ್ತಿ ಗಿಡ್ಡ ಮಾಡ್ಬಿಡಿ ಅಣ್ಣ. ನನಗೆ ಜಡೆ ಹಾಕೋಕೆ ಬರಲ್ಲ,” ಎಂದು ಎಲೆಕ್ಟ್ರಿಷಿಯನ್ ನೆಲ ನೋಡುತ್ತ ಹೇಳಿದ.

ಪಾಪ, ಕೂಸು ಸ್ವಲ್ಪ ನಗಲಿ ಎಂದುಕೊಂಡ ಮಾಮ. ತನ್ನ ಮಗಳು ಜಪಾನಿನ ಚಿತ್ರ ಹಾಕಿಟ್ಟು ಮರೆತುಹೋದ ಪೆನ್‌ಡ್ರೈವ್ ಮೇಜಿನ ಖಾನೆಯಲ್ಲಿತ್ತು. ತೆಗೆದು ಟೀವಿಗೆ ಚುಚ್ಚಿದ. ಸಮುದ್ರ, ದೋಣಿ, ಕೆಂಪು ಫ್ರಾಕಿನ ಹುಡುಗಿ. ಅದೇ ಗುಂಡುಮುಖ, ಅದೇ ದೊಡ್ಡ ಕಣ್ಣು. ನೆಮ್ಮದಿಯಿಂದ ಕತ್ತರಿ ಹಿಡಿದ.

ಆ ಹುಡುಗಿಯಷ್ಟು ಅಲುಗಾಡದೆ ಕೂತ ಮಗುವನ್ನು ಅವನು ಕಂಡೇ ಇರಲಿಲ್ಲ. ಬಲಗಡೆ ಮುಗಿಸಿ ಎಡಕ್ಕೆ ತಿರುಗಿದಾಗ ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಸದ್ದಿಲ್ಲದೆ ಇಳಿಯುತ್ತಿದ್ದ ಕಣ್ಣೀರಿಗೆ ಕತ್ತರಿಸಿದ ಕೂದಲ ಚೂರುಗಳು ಕೆನ್ನೆಗೆ ಅಂಟಿಕೊಂಡಿದ್ದವು. ಮಾಮ ತಲೆ ಎತ್ತಿ ಟೀವಿ ನೋಡಿದ. ಆಸ್ಪತ್ರೆಯ ಖಾಲಿ ಮಂಚ, ಮಡಿಸಿಟ್ಟ ಹೊದಿಕೆ, ಬಾಗಿಲಲ್ಲಿ ನಿಂತ ಕೆಂಪು ಫ್ರಾಕು.

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಹಾರಿಬಂದು ವಯರ್ ಕಿತ್ತೆಸೆದ.

“ಇದನ್ನ ತೋರಿಸ್ತೀರಾ ನನ್ನ ಮಗೂಗೆ?”

“ಅಯ್ಯೋ, ಕಾರ್ಟೂನು ಅಂತ...”

ಮುಂದಿನ ಮಾತಿಗೆ ಅವನು ನಿಲ್ಲಲಿಲ್ಲ. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಕೂದಲಿನ ಮಗಳನ್ನು ಎತ್ತಿಕೊಂಡು ಹೊರಟೇಹೋದ. ಮರುದಿನದೊಳಗೆ ಬೀದಿಯ ತಾಯಂದಿರ ಫೋನುಗಳಲ್ಲಿ ಸಂದೇಶ ಓಡಾಡಿತು: ಜಪಾನಿನ ಕಾರ್ಟೂನು ಮಕ್ಕಳಿಗೆ ಒಳ್ಳೆಯದಲ್ಲ, ಹುಷಾರು. ಕೇಬಲ್ ಬಂದಿತ್ತು. ಆದರೆ ಕರಡಿಮರಿಯನ್ನು ನೋಡಿದರೂ ತಾಯಂದಿರು ಈಗ, “ಅದನ್ನ ಆಫ್ ಮಾಡ್ರೀ,” ಎನ್ನುತ್ತಿದ್ದರು.

ಮಾಮ ವಿಷಯವನ್ನೆಲ್ಲ ಮಗಳಿಗೆ ಹೇಳಿದ.

“ಬೆಳ್ಳಗಿರೋದೆಲ್ಲ ಹಾಲು ಅಂದ್ಕೊಂಡೆ ಕಣೇ,” ಎಂದ.

“ಅವರು ಈಗ ಎಲ್ಲಾ ವಿಷ ಅಂದ್ಕೊಂಡಿದಾರೆ. ನೀವೂ ನೋಡಿಲ್ಲ, ಅವರೂ ನೋಡಿಲ್ಲ,” ಎಂದಳು. “ಅದು ಅಳೋದಕ್ಕೆ ಅಂತಾನೇ ನಾನು ಇಟ್ಕೊಂಡಿದ್ದ ಸಿನಿಮಾ, ಅಪ್ಪ.”

ಇವಳಿಗೆ ಅಳುವಂಥದ್ದೇನಿತ್ತು? ಕೇಳಬೇಕೆನಿಸಿತು, ಕೇಳದೆ ಮಾಮ ಪೆನ್‌ಡ್ರೈವ್ ಚುಚ್ಚಿದ. ಇಬ್ಬರೂ ಕೂತು ಚಿತ್ರವನ್ನು ಕೊನೆಯವರೆಗೆ ನೋಡಿದರು. ಮಾಮ ಎರಡು ಸಲ ಮೂಗೊರೆಸಿಕೊಂಡ. ಮಗಳು ಅವನ ಕಡೆ ತಿರುಗಲಿಲ್ಲ.

ನಾಲ್ಕನೆಯ ದಿನ ಕತ್ತರಿ, ಬಾಚಣಿಗೆ ಚೀಲಕ್ಕೆ ಹಾಕಿಕೊಂಡು ಎಲೆಕ್ಟ್ರಿಷಿಯನ್ ಮನೆಯ ಮೆಟ್ಟಿಲು ಹತ್ತಿದ. “ತಪ್ಪಾಯ್ತಪ್ಪ. ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಿ ಹೋಗ್ತೀನಿ,” ಎಂದ. ಎಲೆಕ್ಟ್ರಿಷಿಯನ್ ಅಡುಗೆಮನೆಯಿಂದ ಸ್ಟೂಲು ತಂದಿಟ್ಟ.

ಕತ್ತರಿ ಆಡತೊಡಗಿದಾಗ ಹುಡುಗಿ ಕೇಳಿದಳು, “ಮಾಮ, ಆಮೇಲೆ ಅವಳ ಅಮ್ಮ ಬಂದ್ಲಾ?”

ಮಾಮ ಅವಳಪ್ಪನ ಕಡೆ ನೋಡಿದ. ಅವನು ಬೇಡವೆಂದು ತಲೆಯಾಡಿಸಿದ.

“ನಾನು ಪೂರ್ತಿ ನೋಡಿಲ್ಲ ಪುಟ್ಟಿ.”

“ದೊಡ್ಡೋರು ಹಂಗೇ ಹೇಳ್ತೀರ,” ಎಂದು ಹುಡುಗಿ ತಲೆ ತಗ್ಗಿಸಿದಳು. ಹಿಂಗತ್ತಿನ ಕೂದಲು ಸಮ ಮಾಡಲು ಅದೇ ಅನುಕೂಲವಾಯಿತು. ಆ ಅನುಕೂಲಕ್ಕೆ ಮಾಮನಿಗೆ ನಾಚಿಕೆಯಾಯಿತು.

ಹೊರಡುವಾಗ ಎಲೆಕ್ಟ್ರಿಷಿಯನ್ ಮೆಟ್ಟಿಲವರೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡ.

“ನಿಜ ಹೇಳಿ ಅಣ್ಣ. ಬರ್ತಾಳಾ?”

“ಇಲ್ಲಪ್ಪ. ಆ ಹುಡುಗಿ ದೋಣಿ ನಡೆಸೋದು ಕಲೀತಾಳೆ. ಅಷ್ಟೇ.”

ಎಲೆಕ್ಟ್ರಿಷಿಯನ್ ಕಂಬಿ ಹಿಡಿದು ನಿಂತ. “ಸದ್ಯ,” ಎಂದ. “ಬಂದಿದ್ರೆ ಇವಳಿಗೆ ನಾನೇನು ಹೇಳ್ಬೇಕಿತ್ತು?”

ಒಳಗಿನಿಂದ ಹುಡುಗಿ, “ಅಪ್ಪಾ, ಕುತ್ತಿಗೆ ಚುಚ್ಚುತ್ತೆ,” ಎಂದು ಕೂಗಿದಳು. ಅವನು ಒಳಗೆ ಓಡಿದ.