ಹೊಲಿಗೆ ಬಿಚ್ಚಿದ ದಿನ

ಇವತ್ತು ಗಂಗಾವತಿಯ ಟೇಲರ್ ಅಂಗಡಿಯಲ್ಲಿ ಅರಿವೆ ತುಂಡುಗಳ ರಾಶಿ ಕಣ್ಣಿಗೆ ಬಿದ್ದಾಗ ಅವ್ವನ ಕೌದಿ ನೆನಪಾಯಿತು.

ನಾನು ಚಿಕ್ಕವಳಿದ್ದಾಗ, ನಮ್ಮೂರ ಗೌಡರ ಮನೆಯ ಕಟ್ಟೆಯ ಮೇಲೆ ಕೂತು, ಅವರ ಮೊಮ್ಮಗನಿಗೆಂದು ಅವ್ವ ಒಂದು ತಿಂಗಳು ಕೌದಿ ಹೊಲಿದಿದ್ದಳು. ಎಲ್ಲ ಅವರದೇ ಹಳೆ ಇಳಕಲ್ ಸೀರೆ, ಧೋತರದ ತುಂಡುಗಳು. ದಾರ ಪೋಣಿಸಿಕೊಡುತ್ತಿದ್ದ ನಾನು ಒಂದು ಮಧ್ಯಾಹ್ನ ಅದರ ಮೇಲೇ ನಿದ್ದೆಹೋದೆ.

ಗೌಡಸಾನಿ ಚೀರಿದ್ದಕ್ಕೆ ಎಚ್ಚರವಾಯಿತು. "ನಿಮ್ಮಂಥೋರ ಹುಡುಗಿ ಮಲಗಿದ್ದನ್ನ ನನ್ನ ಮೊಮ್ಮಗಗ ಹೆಂಗ ಹಾಸಲಿ? ಮೂರು ಸಲ ಒಗದು ತಾ!"

ನಾನು ಹೆದರಿ ಅವ್ವನ ಬೆನ್ನಿಗೆ ಸರಿದೆ. ಅವ್ವ ಕದಲಲಿಲ್ಲ.

"ಅರಿವಿ ನಿಮ್ಮವು, ಇಟ್ಕೊಳ್ರಿ. ಹೊಲಿಗಿ ನನ್ನವು, ಬಿಚ್ಚಿಕೊಂಡು ಹೊಕ್ಕೀನಿ."

ಸಂಜೆಯವರೆಗೆ ಅಲ್ಲೇ ಕೂತು ಒಂದೊಂದೇ ಹೊಲಿಗೆ ಬಿಚ್ಚಿದಳು. "ಬ್ಯಾಡಬೇ ಯವ್ವಾ, ಇಷ್ಟು ದಿನ ಹೊಲ್ದೀದಿ" ಎಂದು ನಾನು ಅತ್ತೆ.

"ಅಳಬ್ಯಾಡ. ನೀ ಏನೂ ತಪ್ಪು ಮಾಡಿಲ್ಲ" ಎಂದಳು.

ತುಂಡುಗಳ ರಾಶಿಯನ್ನು ಕಟ್ಟೆಯ ಮೇಲೆ ಬಿಟ್ಟು, ನನ್ನ ಕೈ ಹಿಡಿದು ಹೊರಟಳು. ಮರುದಿನದಿಂದ ಕಾರಟಗಿ ಕಡೆ ಭತ್ತದ ನಾಟಿ ಕೂಲಿಗೆ ಹೋಗತೊಡಗಿದಳು. ಆ ಮನೆಯಿಂದ ಎರಡು ಸಲ ಕರೆ ಬಂದರೂ ಹೋಗಲಿಲ್ಲ.

ಅವ್ವ ಈಗಲೂ ಕೌದಿ ಹೊಲಿಯುತ್ತಾಳೆ. ಹೊಲಿಸುವವರು ಯಾರೇ ಇರಲಿ, ನಮ್ಮ ಮನೆಗೆ ಬಂದು, ಅವಳ ಚಾಪೆಯ ಮೇಲೆ, ಅವಳ ಪಕ್ಕದಲ್ಲೇ ಕೂರಬೇಕು.