ಹಕ್ಕಿಯ ಕೊರಳು, ಚಿಟ್ಟೆಯ ಬಟ್ಟೆ

ನಮ್ಮ ಪುಟ್ಟಿ ಇವತ್ತು ಮಾತಾಡಿದಳು. ನಾಲ್ಕು ತುಂಬಿದ ಮೊಮ್ಮಗಳು, ಈವರೆಗೆ ‘ಅಮ್ಮ’ ಎಂದೂ ಅನ್ನದವಳು. ಕೊಪ್ಪದ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಯಾಯಿತು, ಉಳಿದವರು ನೀವು.

ಹಕ್ಕಿ ಕುಕ್ಕಿದ ಹಣ್ಣು ತಿನ್ನಿಸಿದರೆ ಮಕ್ಕಳಿಗೆ ಮಾತು ಬರುತ್ತದೆಂದು ನಮ್ಮಲ್ಲಿ ನಂಬಿಕೆ. ಅದಕ್ಕೇ ಹೋದ ವಾರ ಕಮ್ಮರಡಿಯಿಂದ, ಬಸರಿ ಮರಕ್ಕೆ ಅಂಟು ಹಾಕಿ ಹಿಡಿದ ಕಾಡುಮೈನಾ ಒಂದನ್ನು ತಂದೆ. ಸಿಳ್ಳೆ, ನಗು, ಗಂಟೆ ಎಲ್ಲ ಒಂದೇ ಕೊರಳಲ್ಲಿರುವ ಹಕ್ಕಿ. ಮೊದಲು ಹಿಂಡಾಗಿ ಬರುತ್ತಿದ್ದವು. ಈಗ ಒಂದು ಜೋಡಿ ಕಂಡರೆ ಹೆಚ್ಚು. ಪಂಜರಕ್ಕೆ ಬಂದದ್ದು ಮಾತ್ರ ಕೊಕ್ಕು ಬಿಚ್ಚಿ ಒಂದು ದನಿ ಹೊರಡಿಸಲಿಲ್ಲ. ಒಲ್ಲದ ಮನಸ್ಸಿನಿಂದ ಬಾಳೆಹಣ್ಣು ಕುಕ್ಕುತ್ತಿತ್ತು. ಉಳಿದದ್ದನ್ನು ಪುಟ್ಟಿಗೆ ತಿನ್ನಿಸುತ್ತಿದ್ದೆ. ಅವಳು ಪಂಜರದ ಮುಂದೆಯೇ ಕೂತಿರುತ್ತಿದ್ದಳು.

“ಒಬ್ಳಿದ್ಲು, ಈಗ ಇಬ್ರಾದ್ರು. ಒಳ್ಳೆ ಮೇಷ್ಟ್ರನ್ನ ತಂದ್ರಿ ಮಾರಾಯ್ರೆ,” ಎಂದಳು ನನ್ನ ಹೆಂಡತಿ.

ಇವತ್ತು ಬೆಳಿಗ್ಗೆ ಜಗುಲಿಯಲ್ಲಿ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಬೇಲಿಯ ಈಶ್ವರಿ ಬಳ್ಳಿಯ ಕಡೆಯಿಂದ ಅಂಗೈಗಿಂತ ಅಗಲದ ಚಿಟ್ಟೆಯೊಂದು ತೇಲಿ ಬಂದು ಪಂಜರದ ಮೇಲೆ ಕೂತಿತು. ಆ ಬಳ್ಳಿಯ ಎಲೆ ತಿಂದೇ ಅದರ ಹುಳು ಬೆಳೆಯುವುದು. ಬೇರು ಔಷಧಿಯೆಂದು ಜನ ಬಳ್ಳಿ ಕಿತ್ತು ಕಿತ್ತು, ಚಿಟ್ಟೆಯೂ ಅಪರೂಪವಾಗಿದೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೆ ಬಟ್ಟೆ ಗೊತ್ತು. ಮೇಲಿನ ರೆಕ್ಕೆ ಕಪ್ಪು ಮಖಮಲ್ಲು, ಕೆಳಗಿನದು ಹಳದಿ ರೇಷ್ಮೆ. ಒಳಗಿನ ಹಕ್ಕಿಯನ್ನು ನೋಡಿದೆ: ಅದೇ ಮಿರುಗುವ ಕಪ್ಪು, ಕಿವಿಯ ಹಿಂದೆ ಅದೇ ಹಳದಿ. ಎರಡಕ್ಕೂ ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆ. ಒಂದಕ್ಕೆ ಬಟ್ಟೆಯನ್ನೆಲ್ಲ ಕೊಟ್ಟು ಕೊರಳು ಕೊಡದೆ ಕಳಿಸಿದವನು, ಇನ್ನೊಂದಕ್ಕೆ ಬಟ್ಟೆ ಉಳಿಸಿ ಕೊರಳು ತುಂಬಿದ್ದಾನೆ. ಮಾತಿಲ್ಲವೆಂದು ಆ ಚಿಟ್ಟೆಗೆ ಏನು ಕಡಿಮೆಯಾಗಿದೆ? ಎಂಥ ದರ್ಜಿಯಪ್ಪ ಅವನು ಎಂದುಕೊಂಡು ಕೂತೇಬಿಟ್ಟೆ.

ಚಿಟ್ಟೆ ಎದ್ದು ಹೋಯಿತು. ಹಕ್ಕಿಯೂ ಹಾರಲು ಹೋಗಿ ಕಡ್ಡಿಗೆ ಬಡಿದುಕೊಂಡಿತು.

“ಬಿಡಜ್ಜ,” ಎಂದಳು ಪುಟ್ಟಿ.

ಎಣ್ಣೆ ಡಬ್ಬಿ ಬಿತ್ತು. ಸೊಸೆ ಒಳಗಿಂದ ಓಡಿಬಂದು, “ಯಾರು ಮಾವ ಮಾತಾಡಿದ್ದು?” ಎಂದಳು. ಪುಟ್ಟಿಯತ್ತ ಕೈ ತೋರಿಸಿ, ಪಂಜರದ ಬಾಗಿಲು ತೆಗೆದೆ. ಹಕ್ಕಿ ಎದುರಿನ ಹಲಸಿನ ಮರದ ತುದಿಗೆ ಹೋಗಿ, ಒಂದು ವಾರ ಒಳಗಿಟ್ಟುಕೊಂಡದ್ದನ್ನೆಲ್ಲ ಹಾಡಿತು. ಹಣ್ಣಿನ ಗುಣವೋ, ಚಿಟ್ಟೆಯದೋ, ನಾನರಿಯೆ. ಮನೆದೇವರದು ಎನ್ನುತ್ತಾಳೆ ಹೆಂಡತಿ. ಇರಲಿ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಪಾಯಸದ ಜೊತೆಗೆ ಹಾಗಲಕಾಯಿ ಗೊಜ್ಜೂ ಇತ್ತು. ಒಳ್ಳೆಯದೆಂದು ಇಷ್ಟು ದಿನ ಅಜ್ಜಿ ಬಡಿಸಿದ್ದೇ ಬಡಿಸಿದ್ದು, ಪುಟ್ಟಿ ಮುಖ ಕಿವುಚಿ ನುಂಗಿದ್ದೇ ನುಂಗಿದ್ದು. ಇವತ್ತು ಅವಳು ಎಲೆಗೆ ಕೈ ಅಡ್ಡ ಇಟ್ಟು, “ಬೇಡ,” ಎಂದಳು.

ಸೌಟು ಗಾಳಿಯಲ್ಲೇ ನಿಂತಿತು. ಇನ್ನು ಈ ಮನೆಯಲ್ಲಿ ಯಾರ ಮಾತು ನಡೆಯುವುದೆಂದು ಎಲ್ಲರಿಗೂ ತಿಳಿಯಿತು. ಅವಳ ಪಾಲಿನ ಗೊಜ್ಜನ್ನೂ ಹಂಚಿಕೊಂಡು, ನಾವು ಸುಮ್ಮನೆ ತಿಂದೆವು.